ಮಗುವಿನ ಒಂದು ವೃಷಣ ಕೆಳಗಿಳಿದಿಲ್ಲ: ಎಷ್ಟು ದಿನ ಕಾಯಬಹುದು?

ಪ್ರಶ್ನೆ: ನಮ್ಮ ಮಗನಿಗೆ ಈಗ 11 ತಿಂಗಳು ತುಂಬಿದೆ. ದಿನ ತುಂಬುವುದಕ್ಕೆ ಐದು ವಾರ ಮೊದಲೇ ಹುಟ್ಟಿದವನು, ಹುಟ್ಟಿದಾಗ ತೂಕ 2.1 ಕೆ.ಜಿ. ಇತ್ತು. ಎಣ್ಣೆ ಹಚ್ಚಿ ನೀರು ಹಾಕುವಾಗ ಬಲಗಡೆಯ ಬೀಜ ಕೈಗೆ ಸಿಗುವುದಿಲ್ಲವೆಂದು ಮೊದಲು ಗಮನಿಸಿದವರು ನನ್ನ ತಾಯಿ. ಒಬ್ಬ ವೈದ್ಯರು ಐದು ವರ್ಷದವರೆಗೆ ಕಾಯಬಹುದು ಎಂದರು. ಇನ್ನೊಬ್ಬರು ಬೇಗ ಶಸ್ತ್ರಚಿಕಿತ್ಸೆ ಮಾಡಿಸಿ ಎಂದರು. ಸ್ಕ್ಯಾನ್ ವರದಿಯಲ್ಲಿ ‘ಬಲ ವೃಷಣ ಕಾಣಿಸುತ್ತಿಲ್ಲ’ ಎಂದು ಬರೆದಿದ್ದಾರೆ. ಇಂಜೆಕ್ಷನ್‌ನಿಂದ ಇಳಿಸಬಹುದೇ? ಮುಂದೆ ಅವನಿಗೆ ಮಕ್ಕಳಾಗುವುದಕ್ಕೆ ತೊಂದರೆಯಾಗುತ್ತದೆಯೇ? ಕ್ಯಾನ್ಸರ್ ಬರುತ್ತದೆ ಎನ್ನುವುದು ನಿಜವೇ? ಗರ್ಭಿಣಿಯಾಗಿದ್ದಾಗ ನನ್ನಿಂದ ಏನಾದರೂ ತಪ್ಪಾಗಿದೆಯೇ?

ಉತ್ತರ: ನಿಮ್ಮ ಮಗುವಿನ ವಿಷಯದಲ್ಲಿ ಕಾಯುವ ಅವಧಿ ಮುಗಿದಿದೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಯಸ್ಸನ್ನು ನಾವು ಹೆರಿಗೆಯ ನಿರೀಕ್ಷಿತ ದಿನಾಂಕದಿಂದ ಎಣಿಸುತ್ತೇವೆ. ಹಾಗೆ ಎಣಿಸಿದರೂ ಅವನಿಗೆ ಹತ್ತು ತಿಂಗಳಾಗುತ್ತದೆ. ಆರು ತಿಂಗಳಿಗೆ ಇಳಿಯದ ವೃಷಣ ಆಮೇಲೆ ತಾನಾಗಿ ಇಳಿಯುವುದು ಬಹಳ ಅಪರೂಪ. ಆದ್ದರಿಂದ ಮುಂದಿನ ಕೆಲವು ವಾರಗಳಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರೊಬ್ಬರಿಗೆ ಮಗುವನ್ನು ತೋರಿಸಿ. ಶಸ್ತ್ರಚಿಕಿತ್ಸೆ ಬೇಕೆಂದು ಅವರು ಹೇಳಿದರೆ ಅದು ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಮುಗಿಯುವಂತೆ ನೋಡಿಕೊಳ್ಳಿ. ಇದು ರಾತ್ರೋರಾತ್ರಿ ಓಡಬೇಕಾದ ತುರ್ತು ಸ್ಥಿತಿಯಲ್ಲ, ಹಾಗೆಂದು ಶಾಲೆಗೆ ಸೇರಿಸುವವರೆಗೆ ಮುಂದೂಡುವ ಕೆಲಸವೂ ಅಲ್ಲ.

ವೃಷಣ ರೂಪುಗೊಳ್ಳುವುದು ಅದು ಕೊನೆಗೆ ನೆಲೆಸುವ ಜಾಗದಲ್ಲಲ್ಲ. ಭ್ರೂಣದ ಹೊಟ್ಟೆಯೊಳಗೆ, ಮೂತ್ರಪಿಂಡದ ಸಮೀಪದಲ್ಲಿ ಅದು ಬೆಳೆಯಲು ಆರಂಭಿಸುತ್ತದೆ. ಗರ್ಭದ ನಾಲ್ಕನೆಯ ತಿಂಗಳ ಹೊತ್ತಿಗೆ ಕಿಬ್ಬೊಟ್ಟೆಯ ಕೆಳಭಾಗಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಕೆಲವು ವಾರ ತಂಗಿದ ಬಳಿಕ, ಸುಮಾರು 25ನೆಯ ವಾರದಿಂದ 35ನೆಯ ವಾರದ ನಡುವೆ, ತೊಡೆಸಂದಿನ ಕಾಲುವೆಯನ್ನು ಹಾದು ವೃಷಣಚೀಲವನ್ನು ಸೇರುತ್ತದೆ. ಈ ಪಯಣದಲ್ಲಿ ಅದಕ್ಕೆ ದಾರಿ ತೋರಿಸುವ ಒಂದು ನಾರುಪಟ್ಟಿಯಿದೆ. 1762ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಚುಕ್ಕಾಣಿ’ ಎಂಬ ಅರ್ಥದ ಹೆಸರಿಟ್ಟರು. ಗುಬರ್ನ್ಯಾಕ್ಯುಲಮ್ ಎಂಬ ಆ ಹೆಸರೇ ಇಂದಿಗೂ ಬಳಕೆಯಲ್ಲಿದೆ. ವೃಷಣವೇ ಸ್ರವಿಸುವ ಹಾರ್ಮೋನುಗಳು ಈ ಚುಕ್ಕಾಣಿಯನ್ನು ನಡೆಸುತ್ತವೆ. ಹಾರ್ಮೋನು, ನರ, ನಾರುಪಟ್ಟಿ ಇವುಗಳಲ್ಲಿ ಯಾವುದೊಂದು ಹದ ತಪ್ಪಿದರೂ ವೃಷಣ ದಾರಿಯ ನಡುವೆ ಎಲ್ಲಿಯಾದರೂ ನಿಂತುಬಿಡಬಹುದು. ಕೆಲವೊಮ್ಮೆ ದಾರಿ ಬಿಟ್ಟು ತೊಡೆಯ ಕಡೆಗೋ ಗುದದ್ವಾರದ ಮುಂಭಾಗಕ್ಕೋ ಹೊರಳುವುದೂ ಉಂಟು.

ಇದು ವಿರಳವಾದ ದೋಷವೇನಲ್ಲ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಮೂರು–ನಾಲ್ಕು ಮಕ್ಕಳಿಗೆ ಹುಟ್ಟುವಾಗ ಒಂದು ಅಥವಾ ಎರಡೂ ವೃಷಣಗಳು ಕೆಳಗಿಳಿದಿರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಈ ಪ್ರಮಾಣ ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದೆ, ಏಕೆಂದರೆ ಪಯಣದ ಕೊನೆಯ ಹಂತ ಮುಗಿಯುವ ಮೊದಲೇ ಅವರು ಹುಟ್ಟಿಬಿಟ್ಟಿರುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಮೊದಲ ಮೂರು ತಿಂಗಳುಗಳಲ್ಲಿಯೇ ವೃಷಣ ಇಳಿಯುತ್ತದೆ. ವರ್ಷ ತುಂಬುವಾಗ ಒಟ್ಟು ಗಂಡುಮಕ್ಕಳಲ್ಲಿ ನೂರಕ್ಕೆ ಒಂದು ಮಗುವಿನಲ್ಲಿ ಮಾತ್ರ ಸಮಸ್ಯೆ ಉಳಿದಿರುತ್ತದೆ. ಬಾಣಂತನದ ಮನೆಗಳಲ್ಲಿ ‘ಇಳಿಯುತ್ತದೆ ಬಿಡಿ’ ಎಂದು ಹಿರಿಯರು ಹೇಳುವ ಮಾತು ಹುಟ್ಟಿಕೊಂಡದ್ದು ಈ ಅನುಭವದಿಂದಲೇ, ಮತ್ತು ಮೊದಲ ಕೆಲವು ತಿಂಗಳ ಮಟ್ಟಿಗೆ ಅದು ಸರಿಯೂ ಹೌದು.

ಹಾಗಾದರೆ ಐದು ವರ್ಷ ಕಾಯಬಹುದು ಎಂದ ವೈದ್ಯರು ಅದನ್ನು ಎಲ್ಲಿಂದ ತಂದರು? ಅವರು ಸುಳ್ಳು ಹೇಳಲಿಲ್ಲ. ಅವರು ಓದಿದ ಕಾಲದ ಪುಸ್ತಕದಲ್ಲಿ ಹಾಗೆಯೇ ಇದ್ದಿರಬಹುದು. ಒಂದು ಕಾಲಕ್ಕೆ ಹುಡುಗ ಪ್ರಾಯಕ್ಕೆ ಬರುವ ಮುನ್ನ ಶಸ್ತ್ರಚಿಕಿತ್ಸೆ ಮಾಡಿದರೆ ಸಾಕು ಎಂದು ನಂಬಲಾಗಿತ್ತು. ಆ ವಯಸ್ಸು ದಶಕದಿಂದ ದಶಕಕ್ಕೆ ಇಳಿಯುತ್ತ ಐದು ವರ್ಷಕ್ಕೆ, ಎರಡು ವರ್ಷಕ್ಕೆ, ಈಗ ಆರರಿಂದ ಹದಿನೆಂಟು ತಿಂಗಳ ನಡುವಣ ಅವಧಿಗೆ ಬಂದು ನಿಂತಿದೆ. ಅಮೆರಿಕದ ಮೂತ್ರಾಂಗ ತಜ್ಞರ ಸಂಘ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಯುರೋಪಿನ ತಜ್ಞರ ಮಾರ್ಗಸೂಚಿಯೂ ಒಂದೂವರೆ ವರ್ಷದ ಗಡಿಯ ವಿಷಯದಲ್ಲಿ ಒಮ್ಮತದಿಂದಿವೆ.

ಈ ಬದಲಾವಣೆಗೆ ಕಾರಣ ವೃಷಣದೊಳಗಿನ ಜೀವಕೋಶಗಳ ಬಗ್ಗೆ ನಮಗೆ ದೊರೆತ ತಿಳಿವಳಿಕೆ. ವೃಷಣಚೀಲ ದೇಹದಿಂದ ಹೊರಗೆ ತೂಗುವುದಕ್ಕೆ ಅರ್ಥವಿದೆ: ಅಲ್ಲಿಯ ಉಷ್ಣತೆ ಹೊಟ್ಟೆಯೊಳಗಿನದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆಯಿರುತ್ತದೆ, ಮತ್ತು ವೀರ್ಯಾಣುಗಳನ್ನು ಮುಂದೊಂದು ದಿನ ಉತ್ಪಾದಿಸಬೇಕಾದ ಕೋಶಗಳಿಗೆ ಆ ತಂಪೇ ಹಿತ. ವೀರ್ಯಾಣು ಬೇಕಾಗುವುದು ಹದಿಹರೆಯದಲ್ಲಿ ತಾನೇ, ಅಲ್ಲಿಯವರೆಗೆ ವೃಷಣ ಎಲ್ಲಿದ್ದರೇನು ಎಂದು ಹಲವರು ಕೇಳುತ್ತಾರೆ. ಆದರೆ ಹುಟ್ಟಿದ ಮೊದಲ ಆರು ತಿಂಗಳಲ್ಲಿ ಗಂಡುಮಗುವಿನ ದೇಹದಲ್ಲಿ ಪುರುಷ ಹಾರ್ಮೋನು ಕೆಲಕಾಲ ಪ್ರಾಯದವರಂತೆ ಏರಿ ಮತ್ತೆ ಇಳಿಯುತ್ತದೆ. ಇದನ್ನು ಕಿರುಪ್ರಾಯ ಎಂದು ಕರೆಯಬಹುದು. ಭ್ರೂಣಾವಸ್ಥೆಯ ಮೂಲಕೋಶಗಳು ಮುಂದಿನ ಬದುಕಿಗೆಲ್ಲ ದಾಸ್ತಾನಾಗಿ ಉಳಿಯುವ ಬೀಜಕೋಶಗಳಾಗಿ ಮಾರ್ಪಡುವುದು ಈ ಅವಧಿಯಲ್ಲಿಯೇ. ಮೇಲೆ ಸಿಕ್ಕಿಕೊಂಡ ವೃಷಣದಲ್ಲಿ ಈ ಮಾರ್ಪಾಡು ಸರಿಯಾಗಿ ನಡೆಯುವುದಿಲ್ಲ, ಮತ್ತು ವರ್ಷ ಕಳೆದಂತೆ ಅಂಥ ಕೋಶಗಳ ಸಂಖ್ಯೆ ಕುಗ್ಗುತ್ತ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಮಗು ಚೆನ್ನಾಗಿಯೇ ಇದೆ, ನೋವಿಲ್ಲ, ಜ್ವರವಿಲ್ಲ. ನಷ್ಟವೆಲ್ಲ ಒಳಗೆ ಸದ್ದಿಲ್ಲದೆ ನಡೆಯುತ್ತದೆ. ಸೇನಾ ಭರ್ತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಮೊದಲ ಬಾರಿಗೆ ಗೊತ್ತಾಗಿ, ಹತ್ತೊಂಬತ್ತರ ಹುಡುಗರು ತಲೆ ತಗ್ಗಿಸಿಕೊಂಡು ನನ್ನ ಮುಂದೆ ಕೂತದ್ದಿದೆ. ಅವರ ತಂದೆತಾಯಿಯರಿಗೂ ಯಾರೋ ಒಬ್ಬರು ‘ಇಳಿಯುತ್ತದೆ ಬಿಡಿ’ ಎಂದಿದ್ದರು.

ಇನ್ನು ಸ್ಕ್ಯಾನ್ ವರದಿಯ ವಿಷಯ. ‘ಕಾಣಿಸುತ್ತಿಲ್ಲ’ ಎಂಬುದಕ್ಕೆ ‘ಇಲ್ಲ’ ಎಂದು ಅರ್ಥವಲ್ಲ. ಹೊಟ್ಟೆಯೊಳಗೆ ಕರುಳುಗಳ ನಡುವೆ ಇರುವ ಕಡಲೆಕಾಳಿನಷ್ಟು ಚಿಕ್ಕ ಅಂಗವನ್ನು ಅಲ್ಟ್ರಾಸೌಂಡ್ ಖಚಿತವಾಗಿ ಗುರುತಿಸಲಾರದು. ತೊಡೆಸಂದಿನ ಗ್ರಂಥಿಯೊಂದನ್ನು ವೃಷಣವೆಂದು ತಪ್ಪಾಗಿ ತೋರಿಸುವುದೂ ಉಂಟು. ಹೀಗಾಗಿ ಈ ತೊಂದರೆಗೆ ವಾಡಿಕೆಯಂತೆ ಸ್ಕ್ಯಾನ್ ಮಾಡಿಸಬೇಡಿ ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ನಿರ್ಣಾಯಕವಾದದ್ದು ಅನುಭವಿಯ ಕೈ. ಇಳಿಯದ ವೃಷಣಗಳಲ್ಲಿ ನೂರಕ್ಕೆ ಎಂಬತ್ತರಷ್ಟು ತೊಡೆಸಂದಿನಲ್ಲಿ ಕೈಗೆ ಸಿಗುತ್ತವೆ. ಉಳಿದ ಇಪ್ಪತ್ತು ಮಾತ್ರ ಸಿಗುವುದಿಲ್ಲ. ಪರೀಕ್ಷಿಸುವಾಗ ಕೋಣೆ ಬೆಚ್ಚಗಿರಬೇಕು, ವೈದ್ಯರ ಕೈ ಬೆಚ್ಚಗಿರಬೇಕು, ಮಗು ಅಳದೆ ಇರಬೇಕು. ಈ ಲೆಕ್ಕದಲ್ಲಿ ನಿಮ್ಮ ತಾಯಿ ಮಾಡಿದ್ದು ಉತ್ತಮ ಪರೀಕ್ಷೆಯೇ: ಬಿಸಿನೀರು, ಎಣ್ಣೆಯ ಕೈ, ಕಾಲ ಮೇಲೆ ಮಲಗಿದ ಮಗು. ನಮ್ಮ ಹೊರರೋಗಿ ವಿಭಾಗದ ತಣ್ಣನೆಯ ಮೇಜಿಗಿಂತ ಅದು ಎಷ್ಟೋ ಮೇಲು.

ಬಚ್ಚಲಿನ ಈ ಪರೀಕ್ಷೆ ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. ಕೆಲವು ಮಕ್ಕಳಲ್ಲಿ ವೃಷಣ ಇಳಿದೇ ಇರುತ್ತದೆ, ಆದರೆ ಚಳಿಗೋ ಗಾಬರಿಗೋ ಅದನ್ನು ಹಿಡಿದ ಸ್ನಾಯು ಬಿಗಿದು ಮೇಲಕ್ಕೆ ಸೆಳೆದುಕೊಳ್ಳುತ್ತದೆ; ಬಿಸಿನೀರಿನಲ್ಲಿ ಅಥವಾ ಗಾಢ ನಿದ್ದೆಯಲ್ಲಿ ಮತ್ತೆ ಕೆಳಗೆ ಬಂದು ನಿಲ್ಲುತ್ತದೆ. ಮೆಲ್ಲಗೆ ಕೆಳಗೆ ತಂದು ಬಿಟ್ಟಾಗ ಅಲ್ಲಿಯೇ ಉಳಿಯುವ ಇಂಥ ಓಡಾಡುವ ವೃಷಣಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು, ಏಕೆಂದರೆ ಮಗು ಎತ್ತರ ಬೆಳೆದಂತೆ ಇಂಥವುಗಳಲ್ಲಿ ಕೆಲವು ಮೇಲೇರಿ ಅಲ್ಲಿಯೇ ನಿಂತುಬಿಡುತ್ತವೆ. ನಿಮ್ಮ ಮಗನಿಗೆ ಸ್ನಾನದ ಹೊತ್ತಿನಲ್ಲಿಯೂ ಒಮ್ಮೆಯೂ ಸಿಕ್ಕಿಲ್ಲವೆಂದಾದರೆ ಆತನದು ಆ ಗುಂಪಿಗೆ ಸೇರಿದ್ದಲ್ಲ. ಬಲಗಡೆಯ ಚೀಲ ಎಡಗಡೆಯದಕ್ಕಿಂತ ಸಪಾಟಾಗಿ, ಬೆಳವಣಿಗೆ ಇಲ್ಲದಂತೆ ಕಾಣುತ್ತಿದೆಯೇ ಎಂಬುದನ್ನೂ ಗಮನಿಸಿ ವೈದ್ಯರಿಗೆ ಹೇಳಿ.

ಇಂಜೆಕ್ಷನ್ ಬಗ್ಗೆ ಕೇಳಿದ್ದೀರಿ. ಎಚ್‌ಸಿಜಿ ಎಂಬ ಹಾರ್ಮೋನನ್ನು ಕೊಟ್ಟು ವೃಷಣವನ್ನು ಇಳಿಸುವ ಪ್ರಯತ್ನ ಹಿಂದೆ ಬಹಳ ನಡೆದಿದೆ. ಯಶಸ್ಸಿನ ಪ್ರಮಾಣ ಕಡಿಮೆ, ಇಳಿದವುಗಳಲ್ಲಿ ಕೆಲವು ಮತ್ತೆ ಮೇಲೇರುತ್ತವೆ, ಬೀಜಕೋಶಗಳಿಗೆ ಹಾನಿಯಾಗಬಹುದೆಂಬ ಆತಂಕವೂ ಇದೆ. ಈಗ ಇದನ್ನು ಶಿಫಾರಸು ಮಾಡುವುದಿಲ್ಲ. ನೀವುವ ಎಣ್ಣೆ, ಲೇಪ, ಪುಡಿಗಳಿಂದ ವೃಷಣ ಇಳಿಯುವುದಿಲ್ಲ. ತೊಡೆಸಂದನ್ನು ಗಟ್ಟಿಯಾಗಿ ನೀವಿ ಇಳಿಸಲು ಮಾತ್ರ ಯಾರಿಗೂ ಅವಕಾಶ ಕೊಡಬೇಡಿ.

ಶಸ್ತ್ರಚಿಕಿತ್ಸೆಯ ಹೆಸರು ಆರ್ಕಿಡೋಪೆಕ್ಸಿ, ಅಂದರೆ ವೃಷಣವನ್ನು ಅದರ ಜಾಗದಲ್ಲಿ ನೆಲೆನಿಲ್ಲಿಸುವುದು. ಎಡಿನ್‌ಬರೋದಲ್ಲಿ ಥಾಮಸ್ ಆನಂಡೇಲ್ ಇದನ್ನು ಯಶಸ್ವಿಯಾಗಿ ಮಾಡಿದ್ದು 1877ರಷ್ಟು ಹಿಂದೆ. ವೃಷಣ ಕೈಗೆ ಸಿಗುವ ಮಗುವಿನಲ್ಲಿ ತೊಡೆಸಂದಿನ ಚರ್ಮದ ಮಡಿಕೆಯಲ್ಲಿ ಎರಡು–ಮೂರು ಸೆಂಟಿಮೀಟರ್ ಉದ್ದದ ಗಾಯ ಮಾಡಿ, ಅದರ ರಕ್ತನಾಳ ಮತ್ತು ವೀರ್ಯನಾಳಗಳನ್ನು ಸುತ್ತಲಿನ ಎಳೆಗಳಿಂದ ಬಿಡಿಸಿ, ಜೊತೆಗೆ ಬಹುಪಾಲು ಮಕ್ಕಳಲ್ಲಿ ತೆರೆದೇ ಇರುವ ಹರ್ನಿಯಾ ಚೀಲವನ್ನು ಬೇರ್ಪಡಿಸಿ ಕಟ್ಟಲಾಗುತ್ತದೆ. ವೃಷಣ ಕೆಳಗಿಳಿಯದಂತೆ ತಡೆದಿರುವುದು ಹೆಚ್ಚಾಗಿ ಈ ಚೀಲವೇ. ಅದನ್ನು ಬಿಡಿಸಿದೊಡನೆ ನಾಳಗಳಿಗೆ ಉದ್ದ ದಕ್ಕುತ್ತದೆ. ಆಮೇಲೆ ವೃಷಣಚೀಲದ ಚರ್ಮದ ಕೆಳಗೆ ಒಂದು ಪುಟ್ಟ ಜೇಬು ಮಾಡಿ ಅದರಲ್ಲಿ ವೃಷಣವನ್ನು ಕೂರಿಸುತ್ತೇವೆ. ಒಂದು ಗಂಟೆಯ ಆಸುಪಾಸಿನ ಕೆಲಸ. ಸಾಮಾನ್ಯವಾಗಿ ಅದೇ ದಿನ ಸಂಜೆ ಮನೆಗೆ ಕಳುಹಿಸುತ್ತಾರೆ. ನುರಿತವರ ಕೈಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಕ್ಕಳಲ್ಲಿ ವೃಷಣ ಕೂರಿಸಿದ ಜಾಗದಲ್ಲಿ ನಿಲ್ಲುತ್ತದೆ. ರಕ್ತಸಂಚಾರ ಕುಗ್ಗಿ ವೃಷಣ ಕ್ಷೀಣಿಸುವ ಅಪಾಯ ನೂರಕ್ಕೆ ಒಂದೆರಡು ಮಕ್ಕಳಲ್ಲಿರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ವೈದ್ಯರು ನಿಮಗೆ ಹೇಳಲೇಬೇಕು.

ಇಷ್ಟು ಚಿಕ್ಕ ಮಗುವಿಗೆ ಅರಿವಳಿಕೆಯೇ ಎಂಬ ಭಯ ಎಲ್ಲ ತಾಯಂದಿರಿಗೂ ಇರುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಕೆ ನೀಡಿದ್ದು ನಿಜ. ಆದರೆ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಒಳಗಾದ ಎಳೆಯ ಶಿಶುಗಳನ್ನು ಐದು ವರ್ಷದ ತನಕ ಗಮನಿಸಿ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು, ಒಂದು ಗಂಟೆಯೊಳಗಿನ ಒಂದೇ ಬಾರಿಯ ಅರಿವಳಿಕೆಯಿಂದ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ತೋರಿಸಿತು. ನೀವು ಕೇಳಬೇಕಾದದ್ದು ಮಕ್ಕಳಿಗೆ ಅರಿವಳಿಕೆ ಕೊಟ್ಟು ರೂಢಿಯಿರುವ ತಜ್ಞರು ಅಲ್ಲಿದ್ದಾರೆಯೇ ಎಂಬುದನ್ನು. ಅರಿವಳಿಕೆಗೆ ಹಿಂದಿನ ಆರು ಗಂಟೆ ಗಟ್ಟಿ ಆಹಾರ, ನಾಲ್ಕು ಗಂಟೆ ಎದೆಹಾಲು ಕೊಡಬಾರದೆಂಬ ಸೂಚನೆಯನ್ನು ಅಕ್ಷರಶಃ ಪಾಲಿಸಿ. ಮಗು ಅಳುತ್ತದೆಂದು ಅಜ್ಜಿ ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಟ್ಟು ಶಸ್ತ್ರಚಿಕಿತ್ಸೆ ಮುಂದೂಡಿದ ದಿನಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಿಮ್ಮ ಮಗನ ವೃಷಣ ತಜ್ಞರ ಕೈಗೂ ಸಿಗದಿದ್ದರೆ ದಾರಿ ಸ್ವಲ್ಪ ಬೇರೆ. ಅರಿವಳಿಕೆ ಕೊಟ್ಟು ಸ್ನಾಯುಗಳು ಸಡಿಲಗೊಂಡ ಮೇಲೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಕೆಲವರಲ್ಲಿ ಆಗ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಹೊಕ್ಕುಳಿನ ಮೂಲಕ ಲ್ಯಾಪರೋಸ್ಕೋಪು ಎಂಬ ಕ್ಯಾಮೆರಾ ಕೊಳವೆ ಹಾಕಿ ನೋಡುತ್ತಾರೆ. ವೃಷಣ ಹೊಟ್ಟೆಯೊಳಗೆ ಇದ್ದು ನಾಳಗಳು ಸಾಕಷ್ಟು ಉದ್ದವಿದ್ದರೆ ಆ ಹೊತ್ತಿನಲ್ಲಿಯೇ ಕೆಳಗಿಳಿಸಬಹುದು. ನಾಳಗಳು ತೀರ ಗಿಡ್ಡವಾಗಿದ್ದರೆ ಫೌಲರ್–ಸ್ಟೀಫನ್ಸ್ ಎಂಬ ಎರಡು ಹಂತದ ವಿಧಾನವಿದೆ: ಮೊದಲು ಮುಖ್ಯ ರಕ್ತನಾಳವನ್ನು ಕಟ್ಟಿ, ವೀರ್ಯನಾಳದ ಜೊತೆಗಿರುವ ಸಣ್ಣ ರಕ್ತನಾಳಗಳು ಹಿಗ್ಗಿ ಹೊಣೆ ಹೊರುವವರೆಗೆ ಸುಮಾರು ಆರು ತಿಂಗಳು ಬಿಟ್ಟು, ಬಳಿಕ ಇಳಿಸುತ್ತಾರೆ. ಇದರಲ್ಲಿ ವೃಷಣ ಕ್ಷೀಣಿಸುವ ಅಪಾಯ ಸಾಮಾನ್ಯ ವಿಧಾನಕ್ಕಿಂತ ಹೆಚ್ಚು. ಇನ್ನು ಕೆಲವು ಮಕ್ಕಳಲ್ಲಿ ನಾಳಗಳು ಬರಿದೆ ಕೊನೆಗೊಂಡಿರುತ್ತವೆ. ಗರ್ಭದಲ್ಲಿಯೇ ವೃಷಣ ತಿರುಚಿಕೊಂಡು ರಕ್ತವಿಲ್ಲದೆ ಕರಗಿಹೋಗಿರುತ್ತದೆ. ಆಗ ಇಳಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಒಂದೇ ಆರೋಗ್ಯಕರ ವೃಷಣ ಹಾರ್ಮೋನಿಗೂ ಸಂತಾನಕ್ಕೂ ಸಾಕು. ಹುಡುಗ ದೊಡ್ಡವನಾದ ಮೇಲೆ ಬಯಸಿದರೆ ಸಿಲಿಕೋನ್ ಕೃತಕ ವೃಷಣ ಇರಿಸಬಹುದು.

ಮಕ್ಕಳಾಗುವ ಬಗ್ಗೆ ನಿಮ್ಮ ಆತಂಕ ಸಹಜ, ಆದರೆ ಒಂದೇ ಬದಿಯ ತೊಂದರೆಯಲ್ಲಿ ಅದು ಅಗತ್ಯಕ್ಕಿಂತ ಹೆಚ್ಚು. ಬಾಲ್ಯದಲ್ಲಿ ಒಂದು ಬದಿಗೆ ಶಸ್ತ್ರಚಿಕಿತ್ಸೆಯಾದ ಗಂಡಸರಲ್ಲಿ ತಂದೆಯಾದವರ ಪ್ರಮಾಣ ಉಳಿದವರಿಗೆ ಬಹುತೇಕ ಸಮನಾಗಿಯೇ, ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಕಂಡುಬಂದಿದೆ. ಎರಡೂ ಬದಿ ಇಳಿಯದಿದ್ದವರಲ್ಲಿ ಅದು ನೂರಕ್ಕೆ ಅರವತ್ತೈದಕ್ಕೆ ಇಳಿಯುತ್ತದೆ. ಗಡ್ಡ ಮೀಸೆ, ಧ್ವನಿ, ದಾಂಪತ್ಯ ಇವುಗಳಿಗೆ ಬೇಕಾದ ಹಾರ್ಮೋನು ಉತ್ಪಾದಿಸುವ ಕೋಶಗಳು ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತವೆ. ‘ಗಂಡಸುತನ’ಕ್ಕೆ ಕುಂದು ಎಂಬ ಪಿಸುಮಾತಿಗೆ ಕಿವಿಗೊಡಬೇಡಿ.

ಕ್ಯಾನ್ಸರ್ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಅದರ ಅಳತೆಯಲ್ಲಿ ತೂಗಬೇಕು. ಇಳಿಯದ ವೃಷಣಕ್ಕೆ ಶಸ್ತ್ರಚಿಕಿತ್ಸೆಯಾದ ಸುಮಾರು 17 ಸಾವಿರ ಸ್ವೀಡಿಷ್ ಪುರುಷರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹದಿಮೂರು ವರ್ಷಕ್ಕೆ ಮೊದಲು ಶಸ್ತ್ರಚಿಕಿತ್ಸೆಯಾದವರಲ್ಲಿ ವೃಷಣದ ಕ್ಯಾನ್ಸರಿನ ಅಪಾಯ ಸಾಮಾನ್ಯರಿಗಿಂತ ಸುಮಾರು ಎರಡು ಪಟ್ಟು, ಆ ಬಳಿಕ ಆದವರಲ್ಲಿ ಐದು ಪಟ್ಟಿಗೂ ಹೆಚ್ಚು ಇತ್ತು. ಆದರೆ ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಮೊದಲೇ ವಿರಳ. ವಿರಳವಾದದ್ದರ ಎರಡು ಪಟ್ಟೂ ವಿರಳವೇ. ಮೇಲಾಗಿ ವೃಷಣ ಚೀಲದಲ್ಲಿದ್ದರೆ ಗಂಟು ಕೈಗೆ ಬೇಗ ಸಿಗುತ್ತದೆ, ಹೊಟ್ಟೆಯೊಳಗಿದ್ದರೆ ಸಿಗುವುದಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಬರುವವರೆಗೆ ಒಂದು ಎಚ್ಚರ ಇರಲಿ. ತೊಡೆಸಂದಿನಲ್ಲಿ ಗಟ್ಟಿಯಾದ ಊತ ಕಾಣಿಸಿಕೊಂಡು ಮಗು ಒಂದೇ ಸಮನೆ ಅತ್ತರೆ, ವಾಂತಿ ಮಾಡಿದರೆ, ಅದು ಕರುಳು ಸಿಕ್ಕಿಕೊಂಡ ಹರ್ನಿಯಾ ಆಗಿರಬಹುದು ಅಥವಾ ವೃಷಣ ತಿರುಚಿಕೊಂಡಿರಬಹುದು. ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ. ತಿರುಚಿದ ವೃಷಣವನ್ನು ಉಳಿಸಿಕೊಳ್ಳಲು ಸಿಗುವ ಕಾಲ ಸುಮಾರು ಆರು ಗಂಟೆ.

ಇದನ್ನು ಓದುತ್ತಿರುವ ಬೇರೆ ತಾಯ್ತಂದೆಯರಿಗಾಗಿ ಒಂದು ಮಾತು ಸೇರಿಸುತ್ತೇನೆ. ನವಜಾತ ಶಿಶುವಿನಲ್ಲಿ ಎರಡೂ ವೃಷಣಗಳು ಕೈಗೆ ಸಿಗದಿದ್ದರೆ, ಅಥವಾ ಇಳಿಯದ ವೃಷಣದ ಜೊತೆಗೆ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿದ್ದರೆ, ಆರು ತಿಂಗಳು ಕಾಯುವ ನಿಯಮ ಅಲ್ಲಿ ಸಲ್ಲದು. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಜನ್ಮಜಾತ ದೋಷದಿಂದ ಹೆಣ್ಣುಮಗುವೊಂದು ಹೊರನೋಟಕ್ಕೆ ಗಂಡುಮಗುವಿನಂತೆ ಕಾಣಬಹುದು, ಮತ್ತು ಅಂಥ ಶಿಶುಗಳಲ್ಲಿ ಕೆಲವು ಮೊದಲ ಕೆಲವು ವಾರಗಳಲ್ಲಿಯೇ ಉಪ್ಪಿನಂಶ ಕಳೆದುಕೊಂಡು ಪ್ರಾಣಾಪಾಯಕ್ಕೆ ಸಿಲುಕುತ್ತವೆ. ಹುಟ್ಟಿದ ಆಸ್ಪತ್ರೆಯಲ್ಲಿಯೇ ರಕ್ತ ಮತ್ತು ವರ್ಣತಂತು ಪರೀಕ್ಷೆಗಳು ಆಗಬೇಕು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಲ್ಲ, ನಿಮ್ಮ ತಪ್ಪಿಲ್ಲ. ಗ್ರಹಣದ ದಿನ ಹೊರಗೆ ಬಂದಿದ್ದು, ತಿಂದ ಪಪ್ಪಾಯಿ, ಎತ್ತಿದ ಕೊಡ ಯಾವುದೂ ಇದಕ್ಕೆ ಕಾರಣವಲ್ಲ. ಅವಧಿಗೆ ಮುಂಚಿನ ಹೆರಿಗೆ ಮತ್ತು ಕಡಿಮೆ ತೂಕ ನಿಮ್ಮ ಮಗನ ವಿಷಯದಲ್ಲಿ ಮುಖ್ಯ. ತಂದೆಗೋ ಅಣ್ಣನಿಗೋ ಇದ್ದರೆ ಸಾಧ್ಯತೆ ಹೆಚ್ಚುವುದರಿಂದ, ಮುಂದೆ ಇನ್ನೊಂದು ಗಂಡುಮಗುವಾದರೆ ಹುಟ್ಟಿದ ದಿನವೇ ಪರೀಕ್ಷಿಸುವಂತೆ ಹೇಳಿ.

ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿದೆ, ಹಲವು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿಯೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ಸಿಗುವುದೇ ಎಂದು ಅಲ್ಲಿಯೇ ವಿಚಾರಿಸಿ. ಶಸ್ತ್ರಚಿಕಿತ್ಸೆಯ ನಂತರ ಎರಡು–ಮೂರು ವಾರ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳಬೇಡಿ, ಆಟದ ಕುದುರೆಯ ಮೇಲೆ ಕೂರಿಸಬೇಡಿ. ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಒಮ್ಮೆ ತೋರಿಸಿ ವೃಷಣ ಬೆಳೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಿಡುಗಡೆ ಪತ್ರವನ್ನು ಅವನ ಜನನ ಪ್ರಮಾಣಪತ್ರದ ಜೊತೆಗೇ ಇಟ್ಟಿರಿ. ಹದಿನಾಲ್ಕು–ಹದಿನೈದರ ಹೊತ್ತಿಗೆ ಅವನ ತಂದೆ ಅದನ್ನು ಅವನ ಕೈಗೆ ಕೊಟ್ಟು, ಯಾವ ಬದಿಗೆ ಏನಾಗಿತ್ತೆಂದು ಹೇಳಿ, ತಿಂಗಳಿಗೊಮ್ಮೆ ಸ್ನಾನದ ವೇಳೆ ತಾನೇ ಮುಟ್ಟಿ ನೋಡಿಕೊಳ್ಳುವುದನ್ನೂ ಗಂಟು ಕಂಡರೆ ನಾಚದೆ ಹೇಳುವುದನ್ನೂ ಕಲಿಸಲಿ.